ಬಾವಿಗಿಳಿದ ಫೇಟಾ

ಆಗ ನಮ್ಮೂರಲ್ಲಿ ದೊಡ್ಡ ಮನುಷ್ಯರಿಗೆ ಬರ ಇರಲಿಲ್ಲ. ಈಗಲೂ ಇಲ್ಲ ಬಿಡ್ರಿ. ಎಂಬತ್ತರ ದಶಕದ ಮಾತಿದು. ಸದಲಗಾದ ಆಚೆ ದೂಧಗಂಗಾ ದಂಡೆಯ ಊರು ನಮ್ಮದು. ಕೊಲ್ಲಾಪುರದ ಕಡೆ ಮಳೆಯಾದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತಿತ್ತು. ಮೀಸೆ ಬಂದವರಿಗೆಲ್ಲ ಈಜು ಬರುತ್ತಿತ್ತು. ಅರಿವೆ ಒಗೆಯಲು ದಿನಾ ಅದೇ ಹೊಳೆಗಿಳಿಯುವ ಹೆಂಗಸರಿಗೆ ಮಾತ್ರ ಬರುತ್ತಿರಲಿಲ್ಲ. ಇದು ಊರಿನ ಶಾಣ್ಯಾತನ.

ಒಂದು ಮಳೆಗಾಲ ನನ್ನ ಗೆಳತಿ ಶೇವಂತಿ, ಕೈ ಜಾರಿದ ಲಂಗ ಹಿಡಿಯಲು ಹೋಗಿ ತೇಲಿಹೋದಳು. ದಂಡೆಯ ತುಂಬ ನಾವಿದ್ದೆವು. ಒದರಿದೆವು. ನಮಗೆ ಬರುತ್ತಿದ್ದದ್ದು ಅದೊಂದೇ. ಹೆಣ ತೆಗೆದವನು ಪಾಯಪ್ಪ ಕಾಕಾ.

ಕಾಕಾ ಮಿಲಿಟರಿ ಮುಗಿಸಿ ಬಂದವನು. ಎಡಗಾಲಿನ ಬೆರಳುಗಳನ್ನು ಎಲ್ಲೋ ಹಿಮದಲ್ಲಿ ಬಿಟ್ಟು ಬಂದಿದ್ದ. ನಿಪ್ಪಾಣಿಯ ತಂಬಾಕಿನ ವಖಾರಿಗಳಿಗೆ, ಅಂದರೆ ಗೋದಾಮುಗಳಿಗೆ, ಹಗ್ಗ, ಗೋಣಿತಟ್ಟು ಮಾರುವ ಅಂಗಡಿ ಇಟ್ಟಿದ್ದ. ವ್ಯಾಪಾರದಲ್ಲಿ ಬಿಗಿ, ಮಾತಿನಲ್ಲಿ ಒರಟ. ಆದರೆ ಹೊಳೆಯಲ್ಲಿ ಯಾರು ಮುಳುಗಿದರೂ ಉಣ್ಣುವ ತಾಟು ಬಿಟ್ಟು ಓಡುತ್ತಿದ್ದ.

ಮರು ಬೇಸಿಗೆ, ಪರೀಕ್ಷೆ ಮುಗಿದ ಮೇಲೆ, ಕಾಕಾ ತನ್ನ ಹೊಲದ ಬಾವಿಗೆ ಹುಡುಗಿಯರನ್ನೆಲ್ಲ ಕರೆದ. ಅವನ ಹೆಂಡತಿ ಅಕ್ಕವ್ವ ಕಾಕು ಮೆಟ್ಟಿಲ ಮೇಲೆ ಕಾವಲು ಕೂತಳು. ಬೆನ್ನಿಗೆ ಒಣ ಸೋರೆಬುರುಡೆ, ನಡುವಿಗೆ ಅಂಗಡಿಯ ಹಗ್ಗ. ಹಗ್ಗದ ತುದಿ ಕಾಕಾನ ಕೈಯಲ್ಲಿ.

"ಕಾಲ ಬಡಿ ಬೇ! ನೀರ ನಿನ್ನ ಸ್ವಾದರಮಾವ ಅಲ್ಲ, ಎತ್ತಿ ಹಿಡಿಯಾಕ!"

ಮೂಗಿಗೇರಿದ ನೀರಿನ ಉರಿ, ಪಾಚಿಯ ಹಸಿ ವಾಸನೆ. ನಡುಗುತ್ತ ಮೇಲೆ ಬಂದರೆ ಕಾಕು ಹುರಿದ ಶೇಂಗಾ, ಬೆಲ್ಲ ಕೊಡುತ್ತಿದ್ದಳು. ಅಂಥ ಹಸಿವು ಆಮೇಲೆ ನನಗೆ ಆಗಲೇ ಇಲ್ಲ.

ಹಗ್ಗ ನಡು ತರಚಿತು. ನನ್ನವ್ವ ವಖಾರಿಯಲ್ಲಿ ತಂಬಾಕು ಬಡಿಯುವಾಕೆ, ಎಷ್ಟು ತೊಳೆದರೂ ಕೈಯ ಘಾಟು ಹೋಗುತ್ತಿರಲಿಲ್ಲ. ಜಳಕ ಹಾಕುವಾಗ ಆ ಕೈ ಗಾಯಕ್ಕೆ ತಾಗಿ ನಾನು ಚೀರಿದೆ. "ಏನ ಬೇ ಇದು?" ಅಂದಳು. ಮನೆಯಲ್ಲಿ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. ಮರುದಿನ ಸುದ್ದಿ ವಖಾರಿಯಲ್ಲಿ, ಸಂಜೆಗೆ ಪಂಚಾಯತಿ ಕಟ್ಟೆಯಲ್ಲಿ. ಹುಡುಗಿಯರು ಬಾವಿಗೆ ಜಿಗಿಯುತ್ತಾರಂತೆ, ಊರ ಮಾನ ಹೋಯಿತಂತೆ! ಶೇವಂತಿ ಹೋದಾಗ ಮಾತ್ರ ಯಾರ ಮಾನವೂ ಹೋಗಿರಲಿಲ್ಲ.

ಪಂಚಾಯತಿ ಅಧ್ಯಕ್ಷನ ಹೆಸರು ಹೇಳಿ ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ. ಕಾಕಾನನ್ನು ಎದುರಿಗೆ ನಿಲ್ಲಿಸಿ ಬೈಯುವ ಗಂಡಸುತನ ಅವನಿಗಿರಲಿಲ್ಲ. ಮಹಾಪೂರಕ್ಕೆ ಸಿಕ್ಕ ಅವನ ತಮ್ಮನ ಹೆಣವನ್ನೂ ಕಾಕಾನೇ ತೆಗೆದಿದ್ದ. ಅದಕ್ಕೆ ಸತ್ಕಾರ ಇಟ್ಟ. ನಮ್ಮ ಕಡೆ ಹಾಗೇ, ಯಾರ ಬಾಯಿ ಮುಚ್ಚಬೇಕೋ ಅವರ ತಲೆಗೆ ಫೇಟಾ ಸುತ್ತುತ್ತಾರೆ.

ಬಸವ ಜಯಂತಿಗೆ ಶಾಲೆಯ ಮುಂದೆ ಮಂಟಪ. ಶಾಲು, ತೆಂಗಿನಕಾಯಿ, ಕೇಸರಿ ಫೇಟಾ. ಅಧ್ಯಕ್ಷ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ದೇಶಸೇವೆ, ಸಮಾಜಸೇವೆ ಎಂದು ಬಹಳ ಹೊತ್ತು ಉಗುಳು ಹಾರಿಸಿ ಕೊನೆಗೆ ಅಂದ: "ಕಾಕಾಗ ಈಗ ವಯಸ್ಸಾತು. ಆರಾಮ ಇರ್ಲಿ. ಹುಡುಗ್ಯಾರಿಗೆ ಈಜ ಕಲಿಸೂ ಉಸಾಬರಿ ಇವತ್ತಿಗೆ ಬಂದ್, ಅಂತ ಅವ್ರ ಪರವಾಗಿ ನಾನ ಹೇಳ್ತೀನಿ."

ಚಪ್ಪಾಳೆ. ಚಾಪೆ ಮೇಲೆ ಕೂತ ನಾನು ಕೈ ತಟ್ಟಲಿಲ್ಲ. ನಾನಿನ್ನೂ ಬುರುಡೆ ಬಿಟ್ಟು ತೇಲಿರಲಿಲ್ಲ. ಮಳೆಗಾಲ ಮತ್ತೆ ಬರುವುದಿತ್ತು.

ಕಾಕಾ ಎದ್ದ. "ಹೆಣ ತಗ್ಯಾಕ ನಾ ಬೇಕು. ಮುಳಗಬ್ಯಾಡ್ರಿ ಅಂತ ಕಲಿಸಾಕ ಬ್ಯಾಡ. ಭಾಳ ಶಾಣ್ಯಾ ಅದೀರ್ರಿ." ಅಷ್ಟಂದು ತಲೆಯ ಫೇಟಾ ಬಿಚ್ಚತೊಡಗಿದ. ಸುತ್ತು ಬಿಚ್ಚಿದಷ್ಟೂ ಬರುತ್ತಿತ್ತು. ಹಗ್ಗ ಪರೀಕ್ಷೆ ಮಾಡುವ ಹಾಗೆ ಜಗ್ಗಿ ನೋಡಿದ. "ಅರಿವಿ ಚಲೋ ಐತ್ರಿ. ಉದ್ದನೂ ಐತಿ. ಹುಡುಗ್ಯಾರ ನಡ ತರಚೂದಿಲ್ಲ."

ಜನ ನಕ್ಕರು. ಅಧ್ಯಕ್ಷನೂ ಹಲ್ಲು ಕಿಸಿಯಬೇಕಾಯಿತು.

ಮರುದಿನ ಬಹಳ ಮನೆಯವರು ಹುಡುಗಿಯರನ್ನು ಕಳಿಸಲಿಲ್ಲ. ನನ್ನವ್ವ ರೊಟ್ಟಿ ಬಡಿಯುತ್ತ, "ಗಾಯ ಆಗದಿದ್ರ ಹೋಗು" ಅಂದಳು. ಫೇಟಾ ನಡುವಿಗೆ ಕಟ್ಟಿಕೊಂಡು, ಬುರುಡೆ ಇಲ್ಲದೆ ಇಳಿದೆ. ನಡುಬಾವಿಯಲ್ಲಿ ಬಿಗಿತ ಸಡಿಲಾಯಿತು. ತಿರುಗಿ ನೋಡಿದರೆ ಕಾಕಾ ತುದಿ ಬಿಟ್ಟು ಬೀಡಿ ಹಚ್ಚುತ್ತಿದ್ದಾನೆ!

"ನನ್ನ ಮಾರಿ ಏನ ನೋಡ್ತಿ? ನಡಿ!"

ಆಚೆ ದಂಡೆ ಮುಟ್ಟಿದೆ. ಕೇಸರಿ ಅರಿವೆ ನನ್ನ ಹಿಂದೆ ನೀರಹಾವಿನಂತೆ ಬಂತು.

ಕಾಕಾ ಹೋಗಿ ವರ್ಷಗಳಾದವು. ಮೊನ್ನೆ ಅವನ ಹೆಸರಿನ ಕಮಾನು ಉದ್ಘಾಟನೆ ಆಯಿತು. ಬ್ಯಾನರಿನಲ್ಲಿ ಕಾಕಾನ ಮುಖ ಲಿಂಬೆಹಣ್ಣಿನಷ್ಟು, ಅಧ್ಯಕ್ಷನ ಮಗನದು ಬಂಡಿಗಾಲಿಯಷ್ಟು. ಕಾಕಾನ ಹೊಲ ಕೊಂಡು ಪ್ಲಾಟು ಹಾಕಿದವನೂ ಆ ಮಗನೇ. ಬಾವಿ ಹೂಳಿಸಿ, ಅದೇ ಜಾಗದಲ್ಲಿ ಕಮಾನು ನಿಲ್ಲಿಸಿದ್ದಾನೆ. ಕಾಕಾನ ಕೈಯಲ್ಲಿ ಕಲಿತವಳೆಂದು ನನ್ನನ್ನೂ ಕರೆದು ಫೇಟಾ ಇಟ್ಟರು. ಬಿಚ್ಚೋಣವೆಂದು ಅರಿವೆಯ ತುದಿ ಹುಡುಕಿದೆ. ಸಿಗಲಿಲ್ಲ. ಈಗಿನ ಫೇಟಾ ಹೊಲಿದ ಟೊಪ್ಪಿಗೆ, ತಲೆ ಮೇಲಿಡಲು ಬಿಟ್ಟು ಯಾವ ಕೆಲಸಕ್ಕೂ ಬಾರದು. ಇಟ್ಟವರ ಹಾಗೇ.

"ಆಯೀ, ತಗೀಬ್ಯಾಡ, ಫೋಟೋ ಹೊಡೀತೀನಿ" ಅಂದಳು ಮೊಮ್ಮಗಳು. ಅವಳಿಗೆ ಈಜು ಬರುವುದಿಲ್ಲ. ಹೊಳೆ ಮಾತ್ರ ಪ್ರತಿವರ್ಷ ಏರುತ್ತದೆ.