ಎ.ಸಿ. ನೀರಿನ ಕೆಸು

ನನ್ನ ಗಂಡನ ಮಂಚವನ್ನು ಹಿಂದಿನ ಕೋಣೆಗೆ ಸಾಗಿಸಿದ ಮೇಲೆಯೇ ಕಾಂಪೌಂಡಿನ ಆ ಬದಿಯನ್ನು ನಾನು ಕಣ್ಣುಬಿಟ್ಟು ನೋಡಿದ್ದು. ಅಬುಧಾಬಿಯ ಖಾಲಿದಿಯಾದಲ್ಲಿ ಹಳೆಯ ವಿಲ್ಲಾವೊಂದರ ನೆಲಮಹಡಿ ನಮ್ಮದು. ಮೇಲಿನ ಮನೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಸಂಸಾರ. ಮನೆಯ ಹಿಂಬದಿ, ಗೋಡೆಗೂ ಕಾಂಪೌಂಡಿಗೂ ನಡುವೆ ಉದ್ದಕ್ಕೆ ಒಂದು ಪಟ್ಟಿ ಮಣ್ಣು. ಯಾರೋ ಯಾವ ಕಾಲದಲ್ಲೋ ಅಲ್ಲಿ ದಮಾಸ್ ಗಿಡಗಳ ಬೇಲಿ ನೆಟ್ಟಿದ್ದರು. ಈ ಊರಿನ ಬೀದಿಬೀದಿಯಲ್ಲಿ ಕಾಣುವ ಆ ಗಿಡ, ಕತ್ತರಿಸುವವರಿಲ್ಲದೆ ಮರವಾಗಿ, ಹಗಲಲ್ಲೂ ಲೈಟ್ ಹಾಕಬೇಕಾದಷ್ಟು ಕತ್ತಲು ಮಾಡಿತ್ತು. ಕೆಳಗೆ ಒಣಗಿದ ಎಲೆಗಳ ರಾಶಿ, ಒಡೆದ ಪೈಪು, ಯಾರದೋ ಮಗುವಿನ ಸೈಕಲ್ಲಿನ ಚಕ್ರ. ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋದ ಮನುಷ್ಯನಿಗೆ ನೋಡಲು ಉಳಿದದ್ದು ಆ ಕಿಟಕಿ ಮಾತ್ರ.

ಅಲ್ಲಿ ಏನಾದರೂ ಹಸಿರು ಮಾಡಬೇಕು ಅನ್ನಿಸಿತು. ಆದರೆ ನಾನು ಶಾಲೆಯ ಟೀಚರು. ಬೆಳಿಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ಹೋಂ ನರ್ಸ್ ಬಂದ ಕೂಡಲೇ ಬಸ್ಸಿಗೆ ಓಡುವವಳು. ಸಂಜೆ ಬಂದರೆ ಮತ್ತೆ ಅದೇ ಚಾಕರಿ. ಗಿಡಕ್ಕೂ ಉಪಚಾರ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಹಾಗಾಗಿ ಒಂದು ಶುಕ್ರವಾರ ಮಧ್ಯಾಹ್ನ ಬಂದರಿನ ಹತ್ತಿರದ ಗಿಡದ ಅಂಗಡಿಗಳ ಸಾಲಿಗೆ ಹೋಗಿ, ನೆರಳಲ್ಲಿ ಬದುಕುವ, ನಮ್ಮಿಂದ ಏನೂ ಕೇಳದ ಗಿಡ ಕೊಡಿ ಎಂದೆ. ಅಂಗಡಿಯವನು ಉದ್ದುದ್ದ ಎಲೆಯ ಸ್ನೇಕ್ ಪ್ಲಾಂಟ್ ತೋರಿಸಿದ. ಅದರ ಫೋಟೋ ತಂದು ಗಂಡನಿಗೆ ತೋರಿಸಿದರೆ ಅವರು ಮುಖ ತಿರುಗಿಸಿದರು. ಮಾತು ತೊದಲುತ್ತಿದ್ದರೂ ಹಟಕ್ಕೇನೂ ಕಡಿಮೆ ಇರಲಿಲ್ಲ.

“ಇದು ಆಸ್ಪತ್ರೆಯ ಗಿಡ. ಇದನ್ನು ಕಾಣುವಾಗ ನಂಗೆ ಟೋಕನ್ ನಂಬರ್ ನೆನಪಾಗ್ತದೆ.”

ನಗು ಬಂತು. ಆಸ್ಪತ್ರೆಯ ಪ್ರತಿ ವರಾಂಡದಲ್ಲೂ ಆ ಗಿಡವೇ ಇರುವುದು ಸುಳ್ಳಲ್ಲ. ಹಾಗಿದ್ದರೆ ಏನು ಬೇಕು ಎಂದು ಕೇಳಿದ್ದಕ್ಕೆ, ಊರಿನ ಬಾವಿಕಟ್ಟೆಯ ಹತ್ತಿರ ಇರುತ್ತದಲ್ಲ ಅಂಥದ್ದು ಎಂದರು. ಅರಿಶಿನ, ಜರಿಗಿಡ, ವೀಳ್ಯದ ಬಳ್ಳಿ, ಕೆಸು.

ಇಲ್ಲಿಯೇ ನಾವಿಬ್ಬರೂ ಮೋಸಹೋದದ್ದು. ಉಡುಪಿಯ ಕಡೆ ಹುಟ್ಟಿದವರಿಗೆ ನೆರಳು ಅಂದರೆ ತೇವ. ಮನೆಯ ಹಿಂದೆ ಬಿಸಿಲು ಬೀಳದ ಜಾಗದಲ್ಲಿ ಕಾಲಿಟ್ಟರೆ ಪಾಚಿ, ಜಾರಿದರೆ ಸೊಂಟ ಮುರಿಯುತ್ತದೆ. ಅಲ್ಲಿ ಏನು ಎಸೆದರೂ ಚಿಗುರುತ್ತದೆ. ಈ ಊರಿಗೆ ಬಂದು ತಲೆಗೂದಲು ನೆರೆತರೂ ನಮ್ಮ ಬುದ್ಧಿ ಅಲ್ಲಿಯೇ ಇತ್ತು. ಇಲ್ಲಿನ ನೆರಳು ಬರೀ ಕತ್ತಲು, ಅದರಲ್ಲಿ ಒಂದು ಹನಿ ಪಸೆ ಇಲ್ಲ, ಇದ್ದರೂ ದಮಾಸಿನ ಬೇರು ಮೊದಲೇ ಹೀರಿಬಿಡುತ್ತದೆ ಎಂದು ನಮಗೆ ಹೊಳೆಯಲೇ ಇಲ್ಲ. ತಂದು ನೆಟ್ಟ ಜರಿಗಿಡಗಳು ಮೊದಲು ಸುಟ್ಟುಹೋದವು. ವೀಳ್ಯದ ಬಳ್ಳಿ ಎಲೆ ಉದುರಿಸಿ ದಾರವಾಯಿತು. ಅರಿಶಿನ ಮಣ್ಣಿನಿಂದ ಮೇಲೆಯೇ ಬರಲಿಲ್ಲ. ಸಂಜೆ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಾ ನನಗೆ ಅಳು ಬರುತ್ತಿತ್ತು, ಗಿಡಕ್ಕಾಗಿ ಅಲ್ಲ. ನಾನು ಮುಟ್ಟಿದ್ದು ಯಾವುದೂ ಚೇತರಿಸಿಕೊಳ್ಳುವುದಿಲ್ಲ ಎಂಬ ಭಯ ಒಳಗೆ ಕೂತಿತ್ತು. ಅವರ ಎಡಗೈಯ ಬೆರಳನ್ನು ದಿನವೂ ಎಣ್ಣೆ ಹಚ್ಚಿ ನೀವುತ್ತಿದ್ದೆ, ಅದೂ ಅಲುಗಿರಲಿಲ್ಲ.

ಬದುಕಿದ್ದು ಕೆಸು ಮಾತ್ರ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದಿದ್ದ ಗೆಡ್ಡೆಗಳನ್ನು ಬಿಸಾಡಲು ಮನಸ್ಸಾಗದೆ ಕಿಟಕಿಯ ಕೆಳಗೆ ಹುಗಿದಿದ್ದೆ. ಅವರ ಕೋಣೆಯ ಎ.ಸಿ.ಯ ನೀರಿನ ಪೈಪು ಬಂದು ಬೀಳುವುದು ಅಲ್ಲಿಯೇ. ಹಗಲುರಾತ್ರಿ ಎ.ಸಿ. ಓಡುತ್ತಿತ್ತು, ಹಗಲುರಾತ್ರಿ ನೀರು ತೊಟ್ಟಿಕ್ಕುತ್ತಿತ್ತು. ಮೇ ತಿಂಗಳ ಸೆಕೆ ಏರಿದಂತೆ ನೀರೂ ಹೆಚ್ಚಾಯಿತು. ಕೆಸುವಿನ ಎಲೆ ಊಟದ ಬಟ್ಟಲಿನಷ್ಟಾಗಿ, ಆಮೇಲೆ ಹರಿವಾಣದಷ್ಟಾಗಿ, ಮಂಚದಿಂದಲೇ ಕಾಣುವಷ್ಟು ಎತ್ತರಕ್ಕೆ ಬಂತು. ನಾನು ಅದಕ್ಕೆ ಒಂದು ಚೊಂಬು ನೀರೂ ಹಾಕಿದವಳಲ್ಲ.

ಅವರಿಗೆ ಎ.ಸಿ.ಯ ಚಳಿ ತಡೆಯಲು ಆಗುತ್ತಿರಲಿಲ್ಲ. ಆಫ್ ಮಾಡು ಎಂದು ದಿನವೂ ರಗಳೆ. ಆಫ್ ಮಾಡಿದರೆ ಬೆನ್ನು ಬೆವತು ಹುಣ್ಣಾಗುತ್ತದೆ ಎಂದು ಹೇಳಿ ಸಾಕಾಗಿ, ಕೊನೆಗೆ ನಿಮ್ಮ ಕೆಸು ಒಣಗಿಹೋಗುತ್ತದೆ, ಸುಮ್ಮನಿರಿ ಎನ್ನತೊಡಗಿದೆ. ಅದಕ್ಕೆ ಒಪ್ಪಿದರು. ನರ್ಸ್ ರಿಮೋಟಿಗೆ ಕೈಹಾಕಿದರೂ ಬಲಗೈ ಎತ್ತಿ ತಡೆಯುತ್ತಿದ್ದರಂತೆ. ಮೇಲಿನ ಮನೆಯ ಬ್ಯಾರಿ ಹೆಂಗಸು ನಮಗಾಗಿ ಸಾರು ತಂದುಕೊಡುವಾಗಲೆಲ್ಲ ಬಗ್ಗಿ ಎಲೆ ನೋಡಿ, ಇದರಲ್ಲಿ ಪತ್ರೊಡೆ ಬೇಯಿಸುವುದು ಯಾವಾಗ ಎಂದು ಕೇಳುತ್ತಿದ್ದಳು. ಊರಿನಲ್ಲಿ ಪತ್ರೊಡೆ ಮಾಡುವ ಮಳೆಗಾಲದ ಆಟಿ ತಿಂಗಳು ಬಂದಾಗ ನಾನೂ ಕತ್ತರಿ ಹಿಡಿದು ಹೊರಗೆ ಹೋದೆ. ಕಿಟಕಿಯ ಒಳಗಿನಿಂದ ಗಾಜು ಬಡಿದ ಸದ್ದು. ಓಡಿ ಬಂದೆ.

“ಕೊಯ್ಯಬೇಡ ಮಾರಾಯ್ತಿ,” ಎಂದರು. “ನೋಡ್ಲಿಕ್ಕೆ ಅದೊಂದು ಉಂಟು.”

ಪತ್ರೊಡೆ ಅವರ ಗಂಟಲಿಗೆ ಇಳಿಯುವಂತೆಯೂ ಇರಲಿಲ್ಲ. ಕತ್ತರಿ ಒಳಗಿಟ್ಟೆ.

ಅದೇ ತಿಂಗಳು ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅವರ ಶವದ ಪೆಟ್ಟಿಗೆಯ ಜೊತೆ ನಾನು ಊರಿಗೆ ಹೊರಟೆ. ಯಾರೋ ನನ್ನ ಬಟ್ಟೆ ತುಂಬಿಸಿದರು, ಯಾರೋ ಪಾಸ್‌ಪೋರ್ಟ್ ಹುಡುಕಿದರು. ನಾನು ಮಾಡಿದ್ದು ಒಂದೇ ಕೆಲಸ. ಪ್ರತಿ ವರ್ಷ ರಜೆಗೆ ಊರಿಗೆ ಹೋಗುವಾಗ ಮಾಡುವಂತೆ, ಬಾಗಿಲ ಹತ್ತಿರ ಬಂದು ಮೇನ್ ಸ್ವಿಚ್ ಆಫ್ ಮಾಡಿದೆ. ಈ ದೇಶದಲ್ಲಿರುವ ನಮ್ಮವರ ಕೈಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ಶಾಲೆ ಶುರುವಾಗುವ ಹೊತ್ತಿಗೆ ಒಬ್ಬಳೇ ವಾಪಸು ಬಂದೆ. ಕೋಣೆಯಲ್ಲಿ ಬಿಸಿ ಗಾಳಿ ಕಟ್ಟಿಕೊಂಡಿತ್ತು, ಡೆಟಾಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿ ತೆರೆದೆ. ಕೆಸುವಿನ ದಂಟುಗಳು ನೆಲಕ್ಕೆ ಮಲಗಿದ್ದವು, ಎಲೆಗಳು ಹಪ್ಪಳವಾಗಿದ್ದವು. ನಾನು ಅತ್ತದ್ದು ಆಗಲೇ. ಸ್ಮಶಾನದಲ್ಲಿ ಕಣ್ಣು ಒಣಗಿ ನಿಂತವಳು ಅಲ್ಲಿ ಮಂಚದ ಕಂಬಿ ಹಿಡಿದು ಬಾಯಿಬಿಟ್ಟು ಅತ್ತೆ. ಯಾರೂ ನೋಡಿಕೊಳ್ಳಬೇಕಿಲ್ಲದ ಗಿಡ ಬೇಕೆಂದು ಊರೆಲ್ಲ ಹುಡುಕಿದ್ದೆ, ಸಿಕ್ಕಿತ್ತು. ಅದಕ್ಕೆ ಬೇಕಾಗಿದ್ದದ್ದು ಆ ಕೋಣೆಯಲ್ಲಿ ಒಬ್ಬರು ಮಲಗಿರುವುದು ಮಾತ್ರ.

ಬಾಡಿಗೆ ಮನೆಯ ಯಜಮಾನನ ಕಡೆಯವನು ಬಂದು, ಹಿಂದಿನ ಗಿಡಗಂಟಿ ಎಲ್ಲ ಖಲಾಸ್ ಮಾಡಿ ಇಂಟರ್‌ಲಾಕ್ ಕಲ್ಲು ಹಾಸುತ್ತೇವೆ, ಇನ್ನು ನಿಮಗೆ ತಲೆಬಿಸಿ ಇಲ್ಲ ಎಂದು ಹೇಳಿಹೋದ. ಒಳ್ಳೆಯದಕ್ಕೇ ಹೇಳಿದ. ಅವನು ಗೇಟು ದಾಟಿದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ಎ.ಸಿ. ಹಾಕಿದೆ. ಗೆಡ್ಡೆ ಮಣ್ಣಿನೊಳಗೆ ಸತ್ತಿದೆಯೋ ಬದುಕಿದೆಯೋ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲು ಅಗೆಯುವ ಧೈರ್ಯವೂ ಇರಲಿಲ್ಲ.

ಮರುದಿನ ಸಂಜೆ ಶಾಲೆಯಿಂದ ಬಂದಾಗ ಮೇಲಿನ ಮನೆಯವಳು ಮೆಟ್ಟಿಲಲ್ಲಿ ಎದುರಾದಳು. ಪೈಪಿನಿಂದ ನೀರು ಬೀಳುವುದನ್ನು ಕಂಡಿದ್ದಳು. ಅವಳ ಮುಖ ಅರಳಿತ್ತು.

“ಅಕ್ಕ, ಆ ರೂಮಲ್ಲಿ ಎ.ಸಿ. ಓಡ್ತಾ ಉಂಟಲ್ಲ, ಊರಿಂದ ಯಾರಾದ್ರೂ ಬಂದಿದ್ದಾರಾ?”

“ಇಲ್ಲ,” ಎಂದೆ. “ಯಾರೂ ಬರ್ಲಿಲ್ಲ.”