ಪುಟ್ಟಲಕ್ಷ್ಮಮ್ಮನ ಈರುಳ್ಳಿ ಹೂವು

ನಮ್ಮ ಶಾಲೆಯ ಬಿಸಿಯೂಟಕ್ಕೆ ದಿನಕ್ಕೆ ನಾಲ್ಕು ಕಿಲೋ ಈರುಳ್ಳಿ ಬೇಕು. ಹದಿನೆಂಟು ವರ್ಷದಿಂದ ಅದನ್ನು ಹೆಚ್ಚುತ್ತಿರುವವಳು ಪುಟ್ಟಲಕ್ಷ್ಮಮ್ಮ. ಜೊತೆಗೆ ಚಿಕ್ಕಬೋರಮ್ಮನೂ ಇದ್ದಾಳೆ. ಆದರೆ ಈರುಳ್ಳಿ ಮುಟ್ಟಿದರೆ ಆಕೆಯ ಕಣ್ಣು ಕೆಂಡದಂತಾಗುತ್ತದೆ ಎಂದು ಅಕ್ಕಿ ಆರಿಸುವುದು, ಒಲೆ ನೋಡಿಕೊಳ್ಳುವುದು ಅವಳ ಪಾಲು. ಹಾಗೆಂದು ಇಬ್ಬರೂ ಕೂತು ಮಾತಾಡಿ ಹಂಚಿಕೊಂಡದ್ದೇನೂ ಅಲ್ಲ. ಮೊದಲ ದಿನ ಈರುಳ್ಳಿ ಬುಟ್ಟಿ ಪುಟ್ಟಲಕ್ಷ್ಮಮ್ಮನ ಮುಂದೆ ಬಂತು, ಅಲ್ಲೇ ಉಳಿದುಬಿಟ್ಟಿತು. ಆಕೆಯ ಬದುಕಿನಲ್ಲಿ ಬಹಳಷ್ಟು ಕೆಲಸಗಳು ಹೀಗೆಯೇ ಬಂದು ಉಳಿದುಕೊಂಡಂಥವು.

ನಾನು ಅದೇ ಶಾಲೆಯಲ್ಲಿ ಪಾಠ ಮಾಡುವವಳು, ಸುನಿತಾ. ನಾಗಮಂಗಲದಿಂದ ದೇವಲಾಪುರಕ್ಕೆ ಬಸ್ಸು, ಅಲ್ಲಿಂದ ಮುಂದಿನ ಹಳ್ಳಿಗೆ ಯಾರದಾದರೂ ಸ್ಕೂಟರಿನ ಹಿಂದಿನ ಸೀಟು. ಶಾಲೆ ಮುಟ್ಟುವ ಹೊತ್ತಿಗೆ ನನಗೆ ಅರ್ಧ ದಿನ ಕಳೆದಷ್ಟು ಸುಸ್ತಾಗಿರುತ್ತದೆ. ಅದನ್ನು ಹೇಳಿಕೊಳ್ಳೋಣವೆಂದು ಅಡುಗೆಮನೆಗೆ ಹೋದರೆ ಅಲ್ಲಿ ಪುಟ್ಟಲಕ್ಷ್ಮಮ್ಮ ಇರುತ್ತಾಳೆ. ಐದು ಗಂಟೆಗೆ ಎದ್ದು, ಕೊಟ್ಟಿಗೆ ಬಾಚಿ, ಹಾಲು ಕರೆದು, ಮನೆಗೆ ಮುದ್ದೆ ಬೇಯಿಸಿಟ್ಟು, ನಲ್ಲಿ ನೀರು ಬರುವ ದಿನವಾದರೆ ಹತ್ತು ಬಿಂದಿಗೆ ಹೊತ್ತು, ಒಂಬತ್ತಕ್ಕೆ ಬಂದು ನೂರಿಪ್ಪತ್ತು ಮಕ್ಕಳಿಗೆ ಹಾಲಿನ ಪುಡಿ ಕಲಸಿ ಮುಗಿಸಿರುತ್ತಾಳೆ. ನನ್ನ ಸುಸ್ತು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತದೆ.

"ಸಾಕಾಗೋಯ್ತದೆ ಮೇಡಮ್ಮಾರೆ," ಎಂದು ದಿನಕ್ಕೊಮ್ಮೆ ಹೇಳುತ್ತಾಳೆ. ದೂರುವ ದನಿಯಲ್ಲಲ್ಲ, ಬೇರೆಯವರು ನಮಸ್ಕಾರ ಹೇಳುವ ಹಾಗೆ. ಮಂಡಿ ಹಿಡಿದುಕೊಂಡು ಏಳುವಾಗ ಒಂದು ಸಲ ಗೋಡೆ ಮುಟ್ಟುತ್ತಾಳೆ, ಒಂದು ಸಲ ಒಲೆಯ ಕಟ್ಟೆ.

ನನಗೆ ಹೂವಿನ ಗಿಡಗಳ ಹುಚ್ಚು. ತಾರಸಿಯ ತುಂಬ ಕುಂಡ ಇಟ್ಟುಕೊಂಡು ಮನೆಯವರಿಂದ ಬೈಸಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮಕ್ಕಳ ಊಟ ಮುಗಿದ ಮೇಲೆ, ಫೋನಿನಲ್ಲಿ ಒಂದು ಚಿತ್ರ ನೋಡುತ್ತ ಕೂತಿದ್ದೆ. ಸೊಂಟದೆತ್ತರದ ದಂಟು, ಅದರ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ನೇರಳೆ ಗುಂಡು. ಹತ್ತಿರದಿಂದ ನೋಡಿದರೆ ಆ ಗುಂಡಿನ ತುಂಬ ಸಣ್ಣ ಸಣ್ಣ ನಕ್ಷತ್ರದಂಥ ಹೂವು. ಪಾತ್ರೆ ಉಜ್ಜುತ್ತಿದ್ದ ಪುಟ್ಟಲಕ್ಷ್ಮಮ್ಮ ಬಗ್ಗಿ ನೋಡಿದಳು.

"ಇದ್ಯಾವ ಊವ?"

"ಈರುಳ್ಳಿ ಜಾತಿಯದು. ಆದರೆ ತಿನ್ನೋಕಲ್ಲ, ಹೂವಿಗೆ ಅಂತಲೇ ಬೆಳೀತಾರೆ."

"ಮುಡ್ಕೊಬೌದಾ?"

"ಕಿತ್ತರೆ ಈರುಳ್ಳಿ ವಾಸನೆ ಬರುತ್ತೆ."

"ದೇವ್ರಿಗೆ?"

"ವಾಸನೆ ಅಂದ್ನಲ್ಲ."

"ಮುಡಿಯಂಗಿಲ್ಲ, ದೇವ್ರಿಗಾಕಂಗಿಲ್ಲ. ಅಂಗಾರೆ ಯಾತುಕ್ಕೆ ಅದು?"

"ನೋಡೋಕೆ."

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಅವಳ ಮನೆಯ ಮುಂದೆ ಕನಕಾಂಬರ, ಸೇವಂತಿಗೆ, ಕಾಕಡ ಎಲ್ಲ ಇವೆ. ಒಂದೊಂದು ಗಿಡಕ್ಕೂ ಕೆಲಸವಿದೆ. ಶುಕ್ರವಾರದ ಪೂಜೆಗೆ ಒಂದು, ಸೊಸೆಯ ಜಡೆಗೆ ಒಂದು, ಮಿಕ್ಕಿದ್ದು ಕಟ್ಟಿ ಅಕ್ಕಪಕ್ಕದವರಿಗೆ. ಕೆಲಸವೇ ಇಲ್ಲದ ಹೂವನ್ನು ಆಕೆ ಮೊದಲ ಸಲ ನೋಡುತ್ತಿದ್ದಳು. "ಬರೀ ನೋಡಕ್ಕಾ," ಎಂದು ತನ್ನಲ್ಲೇ ಹೇಳಿಕೊಂಡು ಫೋನು ವಾಪಸು ಕೊಟ್ಟಳು. ಎರಡು ದಿನ ಬಿಟ್ಟು ಮೆಲ್ಲಗೆ ಕೇಳಿದಳು: "ಆ ಊವ ನಮ್ ಮಣ್ಣಲ್ಲಿ ಬತ್ತದಾ?"

ಅಷ್ಟು ವರ್ಷದಲ್ಲಿ ಆಕೆ ತನಗೆಂದು ನನ್ನನ್ನು ಕೇಳಿದ್ದು ಅದೊಂದೇ. ಇಲ್ಲ ಎನ್ನುವುದು ಹೇಗೆ? ಗೆಡ್ಡೆ ತರಿಸಿದೆ. ಮೊದಲ ವರ್ಷ ನನ್ನ ಅವಿವೇಕದಿಂದ ಎಲ್ಲ ಹಾಳಾಯಿತು. ಮುಂಗಾರಿನಲ್ಲಿ ನೆಟ್ಟೆವು, ಮಳೆಗೆ ಕೊಳೆತು ನಾರಿದವು. ಆಮೇಲೆ ಓದಿ ತಿಳಿದುಕೊಂಡೆ. ಇದು ಚಳಿ ದೇಶದ ಗಿಡ. ಗೆಡ್ಡೆಗೆ ಎರಡು ಎರಡೂವರೆ ತಿಂಗಳು ಚೆನ್ನಾಗಿ ಚಳಿ ಹಿಡಿಯಬೇಕು, ಇಲ್ಲದಿದ್ದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ನಮ್ಮ ಕಡೆ ಅಂಥ ಚಳಿ ಎಲ್ಲಿಂದ ತರೋಣ? ಹೋದ ಸೆಪ್ಟೆಂಬರಿನಲ್ಲಿ ಮತ್ತೆ ಹನ್ನೆರಡು ಗೆಡ್ಡೆ ತರಿಸಿ, ಒಣ ತೆಂಗಿನನಾರಿನ ಪುಡಿಯಲ್ಲಿ ಹುದುಗಿಸಿ, ನಮ್ಮ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟೆ. ಹಣ್ಣಿನ ಜೊತೆ ಇಟ್ಟರೆ ಒಳಗಿನ ಮೊಗ್ಗು ಸಾಯುತ್ತದಂತೆ. ಆದ್ದರಿಂದ ಅಷ್ಟು ದಿನ ನಮ್ಮ ಮನೆಯಲ್ಲಿ ಹಣ್ಣು ಫ್ರಿಜ್ಜಿನ ಹೊರಗೇ ಕೊಳೆಯಿತು.

ಡಿಸೆಂಬರ್ ಮೊದಲ ವಾರ ಆರು ಆಕೆಗೆ, ಆರು ನನಗೆ. ನಾನು ತಾರಸಿಯ ಕುಂಡದಲ್ಲಿ ಹಾಕಿದೆ. ಆಕೆ ಮನೆಯ ಪಕ್ಕದ ಹೊಂಗೆ ಮರದ ಹತ್ತಿರ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗದಲ್ಲಿ, ಮರಳು ಬೆರೆಸಿ ಹಾಕಿದಳು. ನನ್ನವು ಎಲೆ ಬಿಟ್ಟು ಸುಮ್ಮನಾದವು. ಆಕೆಯವು ಫೆಬ್ರವರಿ ನಡುವಿಗೆ ನಾಲ್ಕು ದಂಟು ಎತ್ತಿದವು. ಪ್ರತಿ ದಂಟಿನ ತುದಿಯಲ್ಲೂ ತೆಳು ಸಿಪ್ಪೆಯೊಳಗೆ ಮುಚ್ಚಿಕೊಂಡ ಚೂಪು ಮೊಗ್ಗು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಆಗಿನಿಂದ ಪುಟ್ಟಲಕ್ಷ್ಮಮ್ಮ ಬೆಳಗ್ಗೆ ನನ್ನನ್ನು ಕಂಡ ತಕ್ಷಣ ಸಾಕಾಗೋಯ್ತದೆ ಎನ್ನುವುದು ಬಿಟ್ಟು ಮೊಗ್ಗಿನ ಸುದ್ದಿ ಹೇಳತೊಡಗಿದಳು. ಇವತ್ತು ಗೇಣುದ್ದ ಆಗದೆ. ಇವತ್ತು ಸಿಪ್ಪೆ ಒಳಗೆ ಬಣ್ಣ ಕಾಣ್ತದೆ. ಹೇಳುವಾಗ ಕೈ ಮಾತ್ರ ಈರುಳ್ಳಿ ಹೆಚ್ಚುತ್ತಲೇ ಇರುತ್ತಿತ್ತು. ಚಿಕ್ಕಬೋರಮ್ಮ ರೇಗಿಸುತ್ತಿದ್ದಳು: "ಈರುಳ್ಳಿ ಕುಯ್ದು ಕುಯ್ದು ಸಾಕಾಗ್ನಿಲ್ವ, ಮನೇಲೂ ಅದ್ನೇ ಸಾಕ್ಕೊಂಡವ್ಳೆ!" ಪುಟ್ಟಲಕ್ಷ್ಮಮ್ಮ ನಗುತ್ತಿದ್ದಳು. ಅವಳು ನಗುವುದನ್ನು ಕಂಡು ನನಗೆ ಸಮಾಧಾನವಾಗುತ್ತಿತ್ತು, ಜೊತೆಗೆ ಸಂಕಟವೂ ಆಗುತ್ತಿತ್ತು. ಇಷ್ಟು ಸಣ್ಣದಕ್ಕೆ ಇಷ್ಟು ಖುಷಿ ಪಡಬೇಕಾದರೆ ಈ ಹೆಂಗಸು ಎಷ್ಟು ವರ್ಷ ಬರಿಗೈಯಲ್ಲಿ ಇದ್ದಿರಬೇಕು ಎನಿಸುತ್ತಿತ್ತು.

ಒಂದು ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅದು ಹೂವಿನ ಗಿಡ ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ಮೇಡಮ್ಮ ಕೊಟ್ಟ ಹೊಸ ಹೈಬ್ರಿಡ್ ಈರುಳ್ಳಿ ಎಂದು ಗಂಡನಿಗೆ ಹೇಳಿದ್ದಳು. ದಿನ ಬಿಟ್ಟು ದಿನ ಬರುವ ನೀರನ್ನು ಹೊತ್ತು ತಂದು, ಮುಡಿಯಲೂ ಬಾರದ, ದೇವರಿಗೂ ಏರದ, ಬರೀ ನೋಡುವ ಹೂವಿಗೆ ಹಾಕುತ್ತೇನೆಂದು ಹೇಳಲು ಆಕೆಗೆ ಬಾಯಿ ಬರಲಿಲ್ಲವಂತೆ.

ಗಂಡ ರಂಗಸ್ವಾಮಿ ಕೆಟ್ಟವನಲ್ಲ. ರಾಗಿ, ಹುರುಳಿ ಬೆಳೆದುಕೊಂಡು, ಎರಡು ಹಸುವಿನ ಹಾಲು ಡೈರಿಗೆ ಹಾಕಿಕೊಂಡು ಇರುವವನು. ಹೂವಿನ ಗಿಡ ಹೆಂಗಸರ ಕೆಲಸ ಎಂಬ ಲೆಕ್ಕದಲ್ಲಿ ಮದುವೆಯಾಗಿ ಮೂವತ್ತಾರು ವರ್ಷವಾದರೂ ಆ ಕಡೆ ತಲೆ ಹಾಕಿದವನಲ್ಲ. ಆದರೆ ಈರುಳ್ಳಿ ಅವನಿಗೆ ಗೊತ್ತು. ಹುಡುಗನಾಗಿದ್ದಾಗ ಮೂರು ವರ್ಷ ಬೇರೆ ಜಿಲ್ಲೆಗೆ ಹೋಗಿ ಈರುಳ್ಳಿ ಹೊಲದಲ್ಲಿ ಕೂಲಿ ಮಾಡಿದ್ದ. ಈರುಳ್ಳಿ ಬೆಳೆಯುವವರಿಗೆ ಹೂವೆಂದರೆ ರೋಗವಿದ್ದ ಹಾಗೆ. ದಂಟು ಎದ್ದರೆ ಗೆಡ್ಡೆಯ ಸಾರವನ್ನೆಲ್ಲ ಅದು ಎಳೆದುಕೊಂಡುಬಿಡುತ್ತದೆ, ಗೆಡ್ಡೆ ನಾರಾಗುತ್ತದೆ. ಆದ್ದರಿಂದ ಸಾಲಿನಲ್ಲಿ ಹೋಗುತ್ತ ದಂಟು ಕಂಡಲ್ಲಿ ಮುರಿದು ಹಾಕುತ್ತಾರೆ.

ಮಾರ್ಚ್ ಮೊದಲ ವಾರ. ಸಿಪ್ಪೆ ಬಿರಿದಿದೆ, ನಾಳೆಯೋ ನಾಡಿದ್ದೋ ಅರಳುತ್ತದೆ ಎಂದು ಆಕೆ ಹೇಳಿದ ದಿನ, ನಾನು ಸಂಜೆಯ ಬಸ್ಸು ಬಿಟ್ಟು ಅವಳ ಜೊತೆ ಹೊರಟೆ. ಫೋಟೋ ತೆಗೆಯಬೇಕೆಂದು ಫೋನನ್ನು ಶಾಲೆಯಲ್ಲೇ ಪೂರ್ತಿ ಚಾರ್ಜು ಮಾಡಿಕೊಂಡಿದ್ದೆ. ನಾಲ್ಕೂವರೆಯ ಬಿಸಿಲು ಇನ್ನೂ ಚುರುಕಾಗಿತ್ತು. ಪುಟ್ಟಲಕ್ಷ್ಮಮ್ಮ ಅಂದು ಗೋಡೆ ಬೇಲಿ ಏನನ್ನೂ ಹಿಡಿಯದೆ ನನಗಿಂತ ಮುಂದೆ ನಡೆದಳು.

ರಂಗಸ್ವಾಮಿ ಜಗಲಿಯ ಮೇಲಿದ್ದ. ನನ್ನನ್ನು ಕಂಡು ಎದ್ದು ನಿಂತ. "ಬನ್ನಿ ಮೇಡಮ್ಮಾರೆ, ನಿಮ್ ಈರುಳ್ಳಿ ನೋಡಕ್ ಬಂದ್ರಾ? ಸರ್ಯಾದ್ ಟೈಮಿಗೆ ಬಂದ್ರಿ ಬುಡಿ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಮುಖದ ತುಂಬ ಹೆಮ್ಮೆ ಇಟ್ಟುಕೊಂಡು ಹೇಳಿದ: "ಎಲ್ಲಾ ದಂಟೆದ್ದೋಗಿದ್ದೋ ಕಣಮ್ಮಿ, ನೋಡ್ಕೊಂಡೇ ಇಲ್ಲ ನೀನು. ನಾಲ್ಕ್ನೂ ಮುರ್ದಾಕಿವ್ನಿ. ನಿಂಗೆ ಮಂಡಿ ನೋವು, ಬಗ್ಗಕ್ಕಾಗಕಿಲ್ಲ ಅಂತ ನಾನೇ ಬುಡ ಕೆದ್ಕಿ ಗೊಬ್ರನೂ ಕೊಟ್ಟೆ. ಇನ್ನ ಎಂಗ್ ದಪ್ಪಾಯ್ತವೆ ನೋಡು ಗೆಡ್ಡೆ!"

ನಾವು ಹೊಂಗೆ ಮರದ ಹತ್ತಿರ ಹೋದೆವು. ಮಣ್ಣು ಚೊಕ್ಕಟವಾಗಿ ಕೆದಕಿತ್ತು, ಕಳೆ ಒಂದೂ ಇರಲಿಲ್ಲ. ನಾಲ್ಕು ಮೊಂಡು ದಂಟಿನಿಂದ ರಸ ಒಸರಿ ಈರುಳ್ಳಿಯ ವಾಸನೆ ಬರುತ್ತಿತ್ತು. ಮುರಿದ ಮೊಗ್ಗುಗಳು ಬೆಳಗಿನಿಂದ ತಿಪ್ಪೆಯ ಮೇಲೆ ಬಿಸಿಲಲ್ಲಿ ಬಿದ್ದು, ಹಸು ತುಳಿದು, ಗುರುತು ಸಿಗದ ಹಾಗಾಗಿದ್ದವು.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಮಾಡಿಬಿಟ್ರಿ ರಂಗಸ್ವಾಮಿ," ಎಂದು ಶುರು ಮಾಡಿದ್ದೆ, ಪುಟ್ಟಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡಳು. ಬೈಯಬೇಡಿ ಎನ್ನುವ ಹಾಗೆ ತಲೆಯಾಡಿಸಿದಳು. ಮೂವತ್ತಾರು ವರ್ಷದಲ್ಲಿ ಗಂಡ ಅವಳ ಮಂಡಿ ನೋವನ್ನು ನೆನೆದು ಮಾಡಿದ ಮೊದಲ ಕೆಲಸ ಅದು. ಬೈಯುವುದು ಯಾರನ್ನು? ದಂಟು ಹೋದ ಗೆಡ್ಡೆ ಈ ವರ್ಷ ಮತ್ತೆ ಮೊಗ್ಗು ಬಿಡುವುದಿಲ್ಲ. ನಮ್ಮ ಬೇಸಿಗೆಯನ್ನು ದಾಟಿ ಮುಂದಿನ ವರ್ಷಕ್ಕೆ ಉಳಿಯುವುದೂ ಅನುಮಾನವೇ. ಅದು ನನಗೆ ಗೊತ್ತಿತ್ತು, ನಾನೇ ಹೇಳಿದ್ದರಿಂದ ಅವಳಿಗೂ ಗೊತ್ತಿತ್ತು.

ಆಕೆ ಹೋಗಿ ಜಗಲಿಯ ಮೇಲೆ ಕೂತಳು. ಕಾಲು ನೀಡಿಕೊಂಡು ಮಂಡಿ ಒತ್ತಿಕೊಂಡಳು. ಆ ಹೊತ್ತು ಆಕೆಗೆ ಅರವತ್ತಲ್ಲ, ಎಂಬತ್ತು ವರ್ಷ ಆದಂತೆ ಕಾಣುತ್ತಿತ್ತು. ರಂಗಸ್ವಾಮಿ ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡಿದ.

"ಏನಾಯ್ತಮ್ಮಿ? ತಪ್ಪಾಯ್ತಾ?"

"ಅದು ತಿನ್ನದಲ್ಲ," ಎಂದಳು ಪುಟ್ಟಲಕ್ಷ್ಮಮ್ಮ. "ಊವಿನ ಗಿಡ. ಊವ ಬುಡ್ಲಿ ಅಂತ್ಲೇ ಆಕಿದ್ದೆ."

"ಈರುಳ್ಳಿ ಅಂದ್ಯಲ್ಲ?"

"ಸುಳ್ಳೇಳ್ದೆ."

"ಯಾಕೆ? ನಾನೇನ್ ಬ್ಯಾಡ ಅಂತಿದ್ನಾ?"

"ನಾಚ್ಕೆ ಆಯ್ತು. ಮೊಮ್ಮಕ್ಳಿರೋಳು, ಒಂದ್ ಊವ ನೋಡ್ಬೇಕು ಅಂತ ಆಸೆ ಆಗದೆ ಅಂತ ಎಂಗೇಳದು? ನೀನೂ ಕೇಳ್ನಿಲ್ಲ. ಯಾವತ್ತೂ ಏನೂ ಕೇಳ್ನಿಲ್ಲ ನೀನು."

ರಂಗಸ್ವಾಮಿ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಕೊನೆಗೆ ಅವನು ಬಂದು ಅವಳ ಪಕ್ಕದಲ್ಲಿ, ಒಂದು ಮೊಳ ಬಿಟ್ಟು ಕೂತ.

"ಈಗ ಕೇಳ್ತಾ ಇವ್ನಿ," ಎಂದ. "ಯೋಳಮ್ಮಿ. ಅರಳಿದ್ರೆ ಎಂಗಿರ್ತಿತ್ತು ಆ ಊವ?"

ಪುಟ್ಟಲಕ್ಷ್ಮಮ್ಮ ಗುಂಡಗಿರುತ್ತದೆ ಎಂದು ತೋರಿಸಲು ಎರಡೂ ಕೈ ಎತ್ತಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಮಡಿಲಿಗೆ ಇಳಿಸಿಕೊಂಡಳು.

"ನಂಗೇನ್ ಗೊತ್ತು," ಎಂದಳು. "ಪೋನಲ್ಲಿ ಕಂಡಿದ್ದಷ್ಟೆ, ಅರಳಿದ್ನ ನಾನೂ ನೋಡ್ನಿಲ್ವಲ್ಲ."