ಎಪ್ಪತ್ತೆಂಟು ದಿನದ ಬಟಾಣಿ

ನನ್ನ ಕೆಲಸ ಹೋದ ನಾಲ್ಕನೇ ದಿನ ಗಂಡ ಊಟದ ಮೇಜಿನ ಮೇಲೆ ಬಟಾಣಿ ಬೀಜದ ಮೂರು ಪೊಟ್ಟಣಗಳನ್ನು ಸಾಲಾಗಿ ಇಟ್ಟು ನನ್ನ ಮುಖ ನೋಡಿದ. ನನಗೆ ಮೈ ಉರಿಯಿತು. ನನ್ನ ವೀಸಾದ ಬಾಲ ಹಿಡಿದು ಅಮೆರಿಕಕ್ಕೆ ಬಂದವನು ಅವನು. ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ನನ್ನನ್ನು ತೆಗೆದುಕೊಂಡು ನನ್ನ ವೀಸಾಕ್ಕೆ ಅರ್ಜಿ ಹಾಕದಿದ್ದರೆ ನಾವಿಬ್ಬರೂ, ಇಲ್ಲೇ ಹುಟ್ಟಿ ಬೆಳೆದ ಎಂಟು ವರ್ಷದ ಮಗಳೂ ಸಮಾಮಿಶ್ ಊರು ಬಿಟ್ಟು ಗಂಟುಮೂಟೆ ಕಟ್ಟಬೇಕಿತ್ತು. ಇವನಿಗೆ ಬಟಾಣಿಯ ಚಿಂತೆ.

“ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಬರಬೇಕು,” ಅಂದ. “ಈ ಗಿಡ್ಡ ತಳಿ ಮೊದಲು. ಆಮೇಲೆ ಸಿಪ್ಪೆ ಸಮೇತ ತಿನ್ನೋದು, ಪುಟ್ಟಿಗೆ. ಕೊನೇಲಿ ಈ ಎತ್ತರದ್ದು. ಜುಲೈನಲ್ಲಿ ಕಾಳು ತುಂಬಿಕೊಂಡು ಬರತ್ತೆ, ಪೂರಿಗೆ ಸಾಗು ಮಾಡಬಹುದು.”

ನಾನು ಪೊಟ್ಟಣ ತಿರುಗಿಸಿ ಹಿಂದಿನ ಅಂಕಿಗಳನ್ನಷ್ಟೇ ಓದಿದೆ. ಐವತ್ತೈದು ದಿನ, ಅರವತ್ತೆರಡು ದಿನ, ಎಪ್ಪತ್ತೆಂಟು ದಿನ. ಆ ವಾರ ನನ್ನ ತಲೆಯಲ್ಲಿ ದಿನದ ಲೆಕ್ಕ ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕಕ್ಕೆ ಐವತ್ತೈದು ಕೂಡಿಸಿದರೆ ಐವತ್ತೊಂಬತ್ತು. ಹೊರಡುವ ಮುಂಚೆ ಒಂದು ಹಿಡಿ ತಿನ್ನಬಹುದು.

“ಈ ಗಿಡ್ಡದ್ದೊಂದು ಹಾಕು, ಸಾಕು,” ಎಂದೆ. “ಎಪ್ಪತ್ತೆಂಟನೇ ದಿನ ನಾವೆಲ್ಲಿರ್ತೀವಿ ಅಂತ ಗೊತ್ತಾ ನಿನಗೆ? ಯಾರಿಗೋಸ್ಕರ ಬೆಳೀತೀಯ?”

ಅವನು ಮೂರೂ ಪೊಟ್ಟಣಗಳನ್ನು ಜೇಬಿಗೆ ಹಾಕಿಕೊಂಡ. ಮಾರನೇ ದಿನ ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದೊಂದು ಸಾಲಿನಂತೆ ಮೂರನ್ನೂ ಬಿತ್ತಿದ.

ನನ್ನ ಲೆಕ್ಕ ಶುದ್ಧ ಪೆದ್ದುತನ ಎಂದು ಮಣ್ಣೇ ಹೇಳಿತು. ಪೊಟ್ಟಣದ ದಿನಗಳು ಬೆಚ್ಚಗಿನ ನೆಲದ ದಿನಗಳು. ಇಲ್ಲಿನ ಮಾರ್ಚ್ ತಿಂಗಳ ತಣ್ಣನೆಯ ಕೆಸರಿನಲ್ಲಿ ಬೀಜ ಮೊಳಕೆಯೊಡೆಯುವುದಕ್ಕೇ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ನನ್ನ ಇಪ್ಪತ್ತೈದು ದಿನ ಕರಗಿತ್ತು. ಬೆಳಿಗ್ಗೆ ಕಾಫಿ ಹಿಡಿದು ಅವನು ಗಿಡದ ಹತ್ತಿರ, ನಾನು ಲ್ಯಾಪ್‌ಟಾಪಿನ ಹತ್ತಿರ. ಇಬ್ಬರೂ ಮಾತಾಡುತ್ತಿದ್ದುದು ಕಡಿಮೆ.

ನಲವತ್ತಾರನೇ ದಿನ ಎವರೆಟ್ ಊರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಚೆನ್ನಾಗಿಯೇ ಆಯಿತು ಅಂದುಕೊಂಡೆ. ಮನೆ ಮುಂದೆ ಕಾರು ನಿಲ್ಲಿಸುವಾಗ ಫೋನಿಗೆ ಮೇಲ್ ಬಂತು. ಎರಡೇ ಸಾಲು, ಬೇಡ ಅಂತ. ಒಳಗೆ ಹೋಗುವ ಧೈರ್ಯವಾಗದೆ ಹಿತ್ತಲಿಗೆ ಹೋದೆ. ಕೊನೆಯ ಸಾಲಿನ ಎಪ್ಪತ್ತೆಂಟು ದಿನದ ಗಿಡಗಳು ಗೇಣುದ್ದ ಬೆಳೆದು, ಅವನು ಕಟ್ಟಿದ ದಾರಕ್ಕೆ ಆಗಲೇ ಬಳ್ಳಿ ಸುತ್ತಿದ್ದವು. ಜುಲೈ ತಿಂಗಳು ತಮ್ಮಪ್ಪನ ಆಸ್ತಿ ಅನ್ನುವ ಹಾಗೆ ನಿಂತಿದ್ದವು. ಒಂದೊಂದಾಗಿ ಅಷ್ಟನ್ನೂ ಕಿತ್ತೆ. ಕಿತ್ತು ತೋಟದ ಕಸದ ಡಬ್ಬಿಗೆ ತುಂಬಿ, ಕೈ ತೊಳೆದು ಒಳಗೆ ಹೋದೆ.

ಸಂಜೆ ಮಗಳು ಓಡಿ ಬಂದಳು. “ಅಮ್ಮಾ, ದೇ ಆರ್ ಆಲ್ ಗಾನ್!”

“ಮೊಲ ತಿಂದಿರಬೇಕು ಪುಟ್ಟಿ,” ಎಂದೆ. ನಮ್ಮ ಬೀದಿಯಲ್ಲಿ ಮೊಲಗಳಿಗೇನು ಬರವಿಲ್ಲ. ಗಂಡ ಹಿತ್ತಲಿಗೆ ಹೋಗಿ ನೋಡಿಕೊಂಡು ಬಂದ. ಆ ಶನಿವಾರ ಪಕ್ಕದ ಊರು ಇಸ್ಸಾಕ್ವಾದಿಂದ ತಂತಿ ಬಲೆ ತಂದು, ಮಗಳನ್ನು ಜೊತೆಗಿಟ್ಟುಕೊಂಡು ಉಳಿದ ಎರಡು ಸಾಲಿನ ಸುತ್ತ ಕಟ್ಟಿದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನಾಚಿಕೆಯಾಗುತ್ತಿತ್ತು.

ಐವತ್ತನಾಲ್ಕನೇ ದಿನ ಬೇರೊಂದು ಕಂಪನಿ ಕೆಲಸ ಕೊಟ್ಟಿತು. ಐವತ್ತೊಂಬತ್ತನೇ ದಿನ ಮಧ್ಯಾಹ್ನ ಅವರ ಅರ್ಜಿ ಸಲ್ಲಿಕೆಯಾಯಿತು. ಅವತ್ತು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಬಟಾಣಿ ಗಿಡದಲ್ಲಿ ಇನ್ನೂ ಒಂದು ಹೂವೂ ಇರಲಿಲ್ಲ.

ಗಿಡ್ಡ ತಳಿ ಜೂನ್‌ನಲ್ಲಿ ಬಂತು, ಮುಗಿಯಿತು. ಸಿಪ್ಪೆ ಸಮೇತ ತಿನ್ನುವುದನ್ನು ಮಗಳು ನಿಂತಲ್ಲೇ ಮುಗಿಸಿದಳು. ಜುಲೈನಲ್ಲಿ ನಾವು ಮೂವರೂ ಇಲ್ಲೇ ಇದ್ದೆವು, ಅದೇ ಹಿತ್ತಲಿನಲ್ಲಿ, ಬಿಸಿಲಿನಲ್ಲಿ. ಕೊನೆಯ ಸಾಲಿನ ದಾರಗಳು ಹಾಗೇ ಖಾಲಿ ನಿಂತಿದ್ದವು. ಅವನು ಬಿಚ್ಚಿರಲಿಲ್ಲ.

ಮಗಳು ಒಳಗೆ ಹೋದ ಮೇಲೆ ಹೇಳಿದೆ. “ಮೊಲ ಅಲ್ಲ ಕಣೋ. ನಾನೇ ಕಿತ್ತಿದ್ದು.”

“ಗೊತ್ತು,” ಅಂದ. “ಮೊಲ ಬೇರು ಸಮೇತ ಕಿತ್ತು ಡಬ್ಬಿಗೆ ಹಾಕಲ್ಲ.”

“ಮತ್ತೆ ಆ ಬಲೆ ಯಾಕೆ ಕಟ್ಟಿದೆ?”

“ಅವಳು ಮೊಲ ಅಂತ ನಂಬಲಿ ಅಂತ,” ಅಂದ, ನನ್ನ ಕಡೆ ನೋಡದೆ.